ಆಯಿಲ್ ಹೆಚ್ಚಾದರೆ ಇಂಜಿನ್ ಬಿಸಿಯಾದೀತೇ?

ಶ್ರೋತೃಗಳೇ, ನಮಸ್ಕಾರ.

ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿದ್ದರೂ ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟದ ಮನೆಗಳಲ್ಲಿ ಅದು ಇನ್ನೂ ದುಡಿಯುತ್ತಿದೆ. ಇಂತಹ ಹಳೆಯ ಕಾರು ಆಗುಂಬೆ ಘಾಟಿ ಹತ್ತುವಾಗ ಬಿಸಿಯ ಮುಳ್ಳು ಮೇಲೇರಿದರೆ, ಗ್ಯಾರೇಜಿನವರು ಆಯಿಲ್ ಜಾಸ್ತಿ ಹಾಕಿದ್ದೇ ಕಾರಣ ಎಂದು ಹೇಳುವವರಿದ್ದಾರೆ. ಈ ಮಾತು ಪೂರ್ತಿ ಸುಳ್ಳಲ್ಲ.

ಇಂಜಿನ್ನಿನ ತಳದ ಚೇಂಬರಿನಲ್ಲಿ ನಿಂತ ಆಯಿಲಿಗೆ ತಾಗದಷ್ಟು ಎತ್ತರದಲ್ಲಿ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ಆಯಿಲ್ ಮಿತಿಮೀರಿದಾಗ ಆ ಶಾಫ್ಟು ಅದರಲ್ಲಿ ಮುಳುಗೇಳುತ್ತಾ, ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಕಡೆಯುವುದಕ್ಕೆ ವ್ಯಯವಾದ ಶಕ್ತಿ ಶಾಖವಾಗುತ್ತದೆ. ಮೇಲಾಗಿ ಗಾಳಿ ಬೆರೆತ ಆಯಿಲನ್ನು ಪಂಪು ಸರಿಯಾಗಿ ತಳ್ಳಲಾರದು, ಬೇರಿಂಗುಗಳ ನಡುವೆ ಅದು ಪದರವಾಗಿ ನಿಲ್ಲಲಾರದು, ಶಾಖವನ್ನೂ ಚೆನ್ನಾಗಿ ಹೊತ್ತೊಯ್ಯಲಾರದು.

ಆದರೆ ಎಷ್ಟು ಹೆಚ್ಚಾಗಿದೆ ಎಂದು ನೋಡಬೇಕು. ಬಹುತೇಕ ಕಾರುಗಳಲ್ಲಿ ಆಯಿಲಿನ ಮಟ್ಟ ಅಳೆಯುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್ಕಿನ, ಎರಡು ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರು. ಮೇಲಿನ ಗುರುತನ್ನು ಕೂದಲೆಳೆಯಷ್ಟು ದಾಟಿದ್ದಕ್ಕೆ ಗಾಬರಿ ಬೇಡ. ಅರ್ಧ ಲೀಟರಿಗೂ ಮಿಕ್ಕಿ ಹೆಚ್ಚಿದ್ದರೆ ಮಾತ್ರ ಕಾರನ್ನು ಓಡಿಸದೆ, ಹೆಚ್ಚುವರಿ ಆಯಿಲನ್ನು ಇಳಿಸುವುದೇ ಸರಿ. ಆಗಲೂ ಮೊದಲು ಕಾಣುವುದು ಸಾಮಾನ್ಯವಾಗಿ ಸೈಲೆನ್ಸರಿನ ನೀಲಿ ಹೊಗೆ ಅಥವಾ ಸೀಲುಗಳ ಸೋರಿಕೆ, ಏಕೆಂದರೆ ನಮ್ಮೆದುರಿನ ಮುಳ್ಳು ತೋರಿಸುವುದು ಇಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟಿನ ಬಿಸಿಯನ್ನು, ಆಯಿಲಿನ ಬಿಸಿಯನ್ನಲ್ಲ.

ಹೀಗಾಗಿ ಘಾಟಿಯಲ್ಲಿ ಮುಳ್ಳು ಏರಿದರೆ ನಾನಂತೂ ಮೊದಲು ರೇಡಿಯೇಟರನ್ನೇ ಅನುಮಾನಿಸುತ್ತೇನೆ. ಮಳೆಗಾಲದ ಕೆಸರು, ಎಲೆಯ ಚೂರು ಅದರ ಸಂದುಗಳಲ್ಲಿ ಕೂತು ಗಾಳಿಯನ್ನು ತಡೆಯುತ್ತವೆ. ಕೂಲೆಂಟಿನ ಬದಲು ವರ್ಷಗಟ್ಟಲೆ ಬರೀ ಬಾವಿ ನೀರು ತುಂಬಿದ್ದರೆ ಒಳಗೂ ತುಕ್ಕು ಕಟ್ಟಿರುತ್ತದೆ. ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟ್ ತೆರೆಯದಿರುವುದು, ತಿರುಗದ ಫ್ಯಾನು, ಸವೆದ ವಾಟರ್ ಪಂಪು ಆಮೇಲಿನ ಸರದಿಯವು.

ಆಯಿಲ್ ನಿಜವಾಗಿಯೂ ಹೆಚ್ಚಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಮಲೆನಾಡಿನಲ್ಲಿ ಸಮತಟ್ಟಾದ ಅಂಗಳವೇ ಅಪರೂಪವಾದ್ದರಿಂದ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದ ಅಳತೆಯನ್ನು ನಂಬಬಾರದು. ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒಮ್ಮೆ ಒರೆಸಿ, ಮತ್ತೆ ಅದ್ದಿ ನೋಡಬೇಕು.

ಯಾರೂ ಸುರಿಯದೆಯೇ ಮಟ್ಟ ಏರಿದ್ದರೆ ವಿಷಯ ಬೇರೆ. ಕಡ್ಡಿಗೆ ಪೆಟ್ರೋಲಿನ ವಾಸನೆ ಬಂದರೆ ಇಂಧನ ಚೇಂಬರಿಗೆ ಇಳಿಯುತ್ತಿದೆ ಎಂದರ್ಥ. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದರೆ ಹೀಗಾಗುವುದುಂಟು. ಮಾಸಲು ಕಂದು ಲೋಳೆ ಕಂಡರೆ ಕೂಲೆಂಟ್ ಬೆರೆತಿರುವ ಸಂಭವ ಹೆಚ್ಚು. ಜಡಿಮಳೆಯ ತಿಂಗಳುಗಳಲ್ಲಿ ಪೇಟೆಗೆ ಹೋಗಿಬರುವಷ್ಟೇ ಓಡುವ ಕಾರಿನಲ್ಲಿ ತೇವಾಂಶದಿಂದ ಆಯಿಲ್ ಮುಚ್ಚಳದ ಅಡಿಯಲ್ಲಿ ಇಂತಹ ಲೋಳೆ ಸ್ವಲ್ಪ ಕಟ್ಟುತ್ತದೆ, ಅದು ಅಪಾಯವಲ್ಲ. ಆದರೆ ಕಡ್ಡಿಯ ಮೇಲೂ ಲೋಳೆಯಿದ್ದು, ಕೂಲೆಂಟ್ ಇಳಿಯುತ್ತಾ, ಇಂಜಿನ್ನೂ ಬಿಸಿಯಾಗುತ್ತಿದ್ದರೆ ಇಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಹೆಚ್ಚಾದ ಆಯಿಲ್ ಬಿಸಿಗೆ ಕಾರಣವಲ್ಲ, ಎರಡಕ್ಕೂ ಗ್ಯಾಸ್ಕೆಟ್ಟೇ ಕಾರಣ. ಅಂತಹ ಕಾರನ್ನು ಸ್ಟಾರ್ಟ್ ಮಾಡದೆ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.