ಪ್ರಾಜೆಕ್ಟ್ ಮುಗಿಯಿತು, ಲೆಕ್ಕ ಮುಗಿಯಿತಾ?

ಎಲ್ಲರಿಗೂ ನಮಸ್ಕಾರ. ಮುಗಿದ ಪ್ರಾಜೆಕ್ಟನ್ನು ಮೌಲ್ಯಮಾಪನ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

2008ರ ಮಾರ್ಚ್ 27. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಐದನೇ ಟರ್ಮಿನಲ್ ಪ್ರಯಾಣಿಕರಿಗೆ ತೆರೆದ ದಿನ. ಸುಮಾರು 430 ಕೋಟಿ ಪೌಂಡಿನ ಕೆಲಸ. ಹೇಳಿದ ದಿನಕ್ಕೆ, ಹೇಳಿದ ದುಡ್ಡಿನಲ್ಲೇ ಮುಗಿದಿತ್ತು. ಅಷ್ಟು ದೊಡ್ಡ ಕಾಮಗಾರಿಯಲ್ಲಿ ಇದು ಅಪರೂಪ. ಹಿಂದಿನ ರಾತ್ರಿ ಮೌಲ್ಯಮಾಪನ ಮಾಡಿದ್ದರೆ ಯಾರಾದರೂ ನೂರಕ್ಕೆ ನೂರು ಕೊಡುತ್ತಿದ್ದರು, ಅಲ್ವಾ?

ಬೆಳಿಗ್ಗೆ ಲಗೇಜ್ ಸಾಗಿಸುವ ನೌಕರರು ಬಂದರು. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಭದ್ರತಾ ತಪಾಸಣೆಯಲ್ಲಿ ತಡವಾಯಿತು. ಒಳಗೆ ಬಂದವರಲ್ಲಿ ಎಷ್ಟೋ ಜನರಿಗೆ ತಮ್ಮ ಕೆಲಸದ ಜಾಗ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಕೆಲವರಿಗೆ ಕಂಪ್ಯೂಟರ್ ಲಾಗಿನ್ ಆಗಲಿಲ್ಲ. ಬ್ಯಾಗುಗಳು ರಾಶಿ ಬಿದ್ದವು. ಕೆಲವು ವಿಮಾನಗಳು ಬ್ಯಾಗುಗಳನ್ನು ಬಿಟ್ಟೇ ಹೊರಟವು. ಕೆಲವೇ ದಿನಗಳಲ್ಲಿ ನೂರಾರು ವಿಮಾನಗಳು ರದ್ದಾದವು.

ಆಮೇಲೆ ಬ್ರಿಟನ್ನಿನ ಸಂಸತ್ ಸಮಿತಿ ಎಲ್ಲರನ್ನೂ ಕರೆದು ವಿಚಾರಿಸಿತು. ಅಲ್ಲಿ ಹೊರಬಿದ್ದ ಒಂದು ವಿಷಯ ನನಗೆ ತುಂಬಾ ಮುಖ್ಯ. ಒಳಗಿನ ಕಟ್ಟಡ ಕೆಲಸ ತಡವಾಗಿತ್ತು. ತೆರೆಯುವ ದಿನ ಮಾತ್ರ ಮುಂದೆ ಹೋಗಲಿಲ್ಲ. ಹಾಗಾಗಿ ಪರೀಕ್ಷೆಗೆ, ನೌಕರರ ತಾಲೀಮಿಗೆ ಇಟ್ಟಿದ್ದ ಸಮಯಕ್ಕೇ ಕತ್ತರಿ ಬಿತ್ತು. ಅಂದರೆ ‘ಹೇಳಿದ ದಿನಕ್ಕೆ ಮುಗಿಸಿದೆವು’ ಅನ್ನುವ ಹೆಮ್ಮೆಯೊಳಗೇ ತೊಂದರೆಯ ಬೇರಿತ್ತು. ಬರೀ ದಿನ, ದುಡ್ಡು ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅದೇ ಹೀಥ್ರೂನಲ್ಲಿ 2014ರ ಜೂನ್ 4ರಂದು ಹೊಸ ಎರಡನೇ ಟರ್ಮಿನಲ್ ಶುರುವಾಯಿತು. ಮೊದಲ ದಿನ ಒಂದೇ ಏರ್‌ಲೈನ್. ಉಳಿದವು ಮುಂದಿನ ತಿಂಗಳುಗಳಲ್ಲಿ ಒಂದೊಂದಾಗಿ ಬಂದವು. ಹಳೇ ಪೆಟ್ಟು ಮರೆತಿರಲಿಲ್ಲ.

ಈಗ ನನ್ನದೇ ಅನುಭವ ಹೇಳುತ್ತೇನೆ. ಒಂದು ಹೋಲ್‌ಸೇಲ್ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಯಜಮಾನರು ಖುಷಿಯಾಗಿ ಸಹಿ ಹಾಕಿದ್ದರು, ಪೂರ್ತಿ ಹಣವೂ ಬಂದಿತ್ತು. ಮೂರು ತಿಂಗಳಾದ ಮೇಲೆ ಸುಮ್ನೆ ನೋಡಿ ಬರೋಣ ಅಂತ ಹೋದೆ. ಕಂಪ್ಯೂಟರ್ ಪಕ್ಕದಲ್ಲೇ ಕೆಂಪು ಬಟ್ಟೆಯ ರಟ್ಟಿನ ಹಳೇ ಲೆಕ್ಕದ ಪುಸ್ತಕ. ತೆರೆದರೆ ಹಿಂದಿನ ದಿನದ ಬರಹ.

“ಇದ್ಯಾಕೆ ಸಾರ್ ಇನ್ನೂ ಬರೀತೀರಾ?” ಅಂತ ಗುಮಾಸ್ತರನ್ನು ಕೇಳಿದೆ.

“ಅರ್ಧ ದುಡ್ಡು ಇವತ್ತು, ಅರ್ಧ ಮುಂದಿನ ವಾರ ಅಂತಾರೆ. ನಿಮ್ಮದರಲ್ಲಿ ಉದ್ರಿ ಬರೆಯೋಕೆ ಜಾಗ ಎಲ್ಲಿದೆ?”

ನಾವು ಯಜಮಾನರ ಹತ್ತಿರ ಹತ್ತು ಸಲ ಮಾತಾಡಿದ್ದೆವು. ಈ ಮನುಷ್ಯನನ್ನು ಒಂದು ಸಲವೂ ಕೇಳಿರಲಿಲ್ಲ. ಪಾಪ, ಮೂರು ತಿಂಗಳಿಂದ ಅವರು ಎರಡೆರಡು ಲೆಕ್ಕ ಬರೆಯುತ್ತಿದ್ದರು. ನಮ್ಮ ಫೈಲಿನಲ್ಲಿ ಆ ಕೆಲಸ ‘ಯಶಸ್ವಿ’ ಅಂತಿತ್ತು.

ಅವತ್ತಿನಿಂದ ನಾವು ಪ್ರತಿ ಕೆಲಸದ ಮೌಲ್ಯಮಾಪನಕ್ಕೆ ಎರಡು ಸಲ ಕೂರುತ್ತೇವೆ. ಮುಗಿದ ಹದಿನೈದು ದಿನದೊಳಗೆ ಒಮ್ಮೆ, ಎಲ್ಲರಿಗೂ ನೆನಪು ಹಸಿಯಾಗಿರುವಾಗ. ಮೂರು ತಿಂಗಳಾದ ಮೇಲೆ ಇನ್ನೊಮ್ಮೆ, ಕೆಲಸ ಮಾಡಿಸಿಕೊಂಡವರ ಜಾಗದಲ್ಲೇ. ಕೆಲಸದ ಮೊದಲ ದಿನ ಏನೇನು ಮಾಡಿಕೊಡುತ್ತೇವೆ ಅಂತ ಒಪ್ಪಿಕೊಂಡ ಕಾಗದ ಮೇಜಿನ ಮೇಲಿರಬೇಕು. ಆ ಎರಡನೇ ಸಲ ಮೊದಲು ಗುಮಾಸ್ತರನ್ನು ಮಾತಾಡಿಸುತ್ತೇವೆ, ಯಜಮಾನರನ್ನು ಆಮೇಲೆ.