ಐರ್ಲೆಂಡಿನ ಹಳ್ಳಿ ಪಬ್‌ಗೆ ಬೀಗ ಹಾಕಿದ್ದು ಯಾರು?

ಈ ಬಾಗಿಲು ನೋಡಿ. ಮೇಲೆ ಮಾಲೀಕರ ಮನೆತನದ ಹೆಸರು ಇನ್ನೂ ಇದೆ, ಕೆಳಗೆ ಬೀಗ ಬಿದ್ದಿದೆ. ನಾವೀಗ ಐರ್ಲೆಂಡಿನ ಕೆರಿ ಕೌಂಟಿಯಲ್ಲಿದ್ದೇವೆ. 2005ರಲ್ಲಿ ಈ ದೇಶದಲ್ಲಿ 8,600ಕ್ಕೂ ಹೆಚ್ಚು ಪಬ್‌ಗಳಿದ್ದವು. 2023ರ ಹೊತ್ತಿಗೆ ಉಳಿದಿದ್ದು ಸುಮಾರು 6,700. ಡಬ್ಲಿನ್‌ನಲ್ಲಿ ಅಷ್ಟೇನೂ ಕಡಿಮೆಯಾಗಿಲ್ಲ, ಪೆಟ್ಟು ಬಿದ್ದಿದ್ದೆಲ್ಲ ಹಳ್ಳಿಗಳಿಗೆ. ಪಕ್ಕದ ಲಿಮರಿಕ್‌ನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಬ್ ಹೋಗಿದೆ.

ಊರಲ್ಲಿ ಕೂತು ನೋಡ್ತಿರೋರಿಗೆ ಬಾರ್ ಅಂದರೆ ಕತ್ತಲೆ ಕೋಣೆ, ಹೆಂಗಸರು ಮಕ್ಕಳು ಕಾಲಿಡದ ಜಾಗ ಅಂತ ಅನಿಸಬಹುದು. ಇಲ್ಲಿಯ ಹಳ್ಳಿ ಪಬ್ ಹಾಗಲ್ಲ. ಎಷ್ಟೋ ಕಡೆ ಮುಂದೆ ದಿನಸಿ ಅಂಗಡಿ, ಹಿಂದೆ ಪಬ್, ಕೆಲವು ಕಡೆ ಶವಸಂಸ್ಕಾರದ ವ್ಯವಸ್ಥೆ ಮಾಡೋರೂ ಅದೇ ಮನೆಯವರು. ಮಣ್ಣು ಮಾಡಿ ಬಂದ ಮೇಲೆ ಜನ ಸೂಪು ಸ್ಯಾಂಡ್‌ವಿಚ್‌ಗೆ ಸೇರೋದು ಅಲ್ಲೇ. ಇಸ್ಪೀಟು, ಪಿಟೀಲು, ಹಾಲಿನ ರೇಟು, ಯಾರ ಹಸು ಕರು ಹಾಕಿತು, ಎಲ್ಲ ಅಲ್ಲೇ. ಮದುವೆಯಾಗದೆ, ಒಂಟಿ ಮನೆಯಲ್ಲಿ ಬೇಸಾಯ ಮಾಡ್ಕೊಂಡು ಇರೋ ವಯಸ್ಸಾದ ಗಂಡಸಿಗೆ ವಾರದಲ್ಲಿ ಮನುಷ್ಯರ ಮುಖ ಕಾಣುವ ಜಾಗ ಅಂತ ಇದ್ದಿದ್ದೇ ಇದು.

ಆದರೆ ಅಲ್ಲಿಗೆ ಅವರು ಹೋಗ್ತಿದ್ದಿದ್ದು ಕಾರಲ್ಲಿ. ಕುಡಿದು ವಾಪಸ್ ಬರ್ತಿದ್ದಿದ್ದೂ ಅದೇ ಕಾರಲ್ಲಿ.

1960ರ ದಶಕದ ಕೊನೆಯಲ್ಲಿ ಮೊದಲ ಸಲ ಮಿತಿ ಬಂದಾಗ 100 ಮಿಲಿ ರಕ್ತಕ್ಕೆ 125 ಮಿಲಿಗ್ರಾಂ ಆಲ್ಕೋಹಾಲ್ ಇರಬಹುದಿತ್ತು. ಆಮೇಲೆ 100, ಆಮೇಲೆ 80, 2011ರಿಂದ 50. 2006ರಿಂದ ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರು, ಯಾವ ಅನುಮಾನವೂ ಇಲ್ಲದೆ ರಸ್ತೆಯಲ್ಲಿ ನಿಲ್ಲಿಸಿ ಊದಿಸಬಹುದು. 50 ದಾಟಿ 80ರೊಳಗೆ ಸಿಕ್ಕಿಬಿದ್ದರೆ ಮೊದಲೆಲ್ಲ ದಂಡ ಮತ್ತು ಲೈಸೆನ್ಸ್ ಮೇಲೆ ಬೀಳುವ ಮೂರು ಪೆನಾಲ್ಟಿ ಪಾಯಿಂಟ್ ಅಷ್ಟೇ ಇತ್ತು. 2018ರಲ್ಲಿ ಅದೂ ಹೋಯಿತು, ಈಗ ಮೂರು ತಿಂಗಳು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಎರಡು ಪೈಂಟ್, ಅಂದರೆ ಎರಡು ದೊಡ್ಡ ಗ್ಲಾಸ್ ಬಿಯರ್ ಕುಡಿದರೇ ಈ ಮಿತಿ ದಾಟಬಹುದು.

ಮಿತಿ 50ಕ್ಕೆ ಇಳಿದ ಮೇಲೆ ಕೆರಿಯಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. 2013ರ ಜನವರಿಯಲ್ಲಿ ಇಲ್ಲಿಯ ಕೌಂಟಿ ಕೌನ್ಸಿಲ್ ಒಂದು ನಿರ್ಣಯ ಪಾಸು ಮಾಡಿತು. ಒಂಟಿ ಮನೆಗಳಲ್ಲಿ ಇರೋರು ಎರಡು ಮೂರು ಗ್ಲಾಸ್ ಕುಡಿದು ನಿಧಾನಕ್ಕೆ ಮನೆಗೆ ಓಡಿಸಿಕೊಂಡು ಹೋಗೋಕೆ ಪರ್ಮಿಟ್ ಕೊಡಿ ಅಂತ! ತಂದವರು ಡ್ಯಾನಿ ಹೀಲಿ ರೇ, ಕಿಲ್ಗಾರ್ವನ್‌ನಲ್ಲಿ ಅವರದ್ದೇ ಪಬ್ ಇದೆ. ಪರವಾಗಿ 5, ವಿರುದ್ಧ 3. ಸರ್ಕಾರ ಒಪ್ಪಲಿಲ್ಲ, ಒಳ್ಳೆಯದೇ ಆಯಿತು. ಒಂಟಿತನದಿಂದ ಜನ ಖಿನ್ನತೆಗೆ ಜಾರ್ತಿದ್ದಾರೆ ಅನ್ನೋ ಅವರ ಮಾತು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಕಿರಿದಾದ ರಸ್ತೆ, ಎರಡೂ ಕಡೆ ಬೇಲಿ, ಬೀದಿದೀಪ ಇಲ್ಲ, ಎದುರಿಗೆ ನಡ್ಕೊಂಡು ಬರೋನು ನಿಮ್ಮ ಪಕ್ಕದ ಮನೆಯವನೇ. ನಿಧಾನಕ್ಕೆ ಓಡಿಸಿದ್ರೂ ಗುದ್ದಿದರೆ ಗುದ್ದಿದ್ದೇ ಅಲ್ವಾ? 1972ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 640 ಜನ ಸತ್ತಿದ್ದರು. ಈಗ ವಾಹನ ಎಷ್ಟೋ ಪಟ್ಟು ಜಾಸ್ತಿಯಾಗಿದ್ದರೂ ವರ್ಷಕ್ಕೆ 200ರೊಳಗಿದೆ. ಅದು ಬ್ರೆತ್ ಟೆಸ್ಟ್ ಒಂದರಿಂದಲೇ ಆಗಿದ್ದಲ್ಲ, ಸೀಟ್‌ಬೆಲ್ಟ್, ಒಳ್ಳೆ ರಸ್ತೆ, ಒಳ್ಳೆ ಕಾರು ಎಲ್ಲ ಸೇರಿದೆ. ಆದರೂ ಆ ಲೆಕ್ಕದಿಂದ ಅದನ್ನು ತೆಗೆದು ಹಾಕೋಕೆ ಆಗಲ್ಲ.

ಜನರೂ ಬದಲಾಗಿದ್ದಾರೆ. ಹುಡುಗರು ಗುಂಪಲ್ಲಿ ಹೊರಟರೆ ಓಡಿಸೋನು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಅವನು ಆಲ್ಕೋಹಾಲ್ ಇಲ್ಲದ ಗಿನ್ನಿಸ್ ಹಿಡ್ಕೊಂಡು ಕೂರ್ತಾನೆ, ಯಾರೂ ರೇಗಿಸಲ್ಲ. ರಾತ್ರಿ ಜಾಸ್ತಿ ಕುಡಿದಿದ್ದರೆ ಬೆಳಿಗ್ಗೆಯೂ ಕಾರು ತೆಗೆಯದವರಿದ್ದಾರೆ.

ಹಾಗಾದರೆ ಪಬ್ ಮುಚ್ಚಿಸಿದ್ದು ಈ ಕಾನೂನೇನಾ? ಪೂರ್ತಿ ಅಲ್ಲ. 2008ರ ಆರ್ಥಿಕ ಕುಸಿತ ಆದ ಮೇಲೆ ಊರಿನ ಯುವಕರು ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾ, ಕೆನಡಾ ಸೇರಿದರು. ಸೂಪರ್‌ಮಾರ್ಕೆಟ್‌ನಲ್ಲಿ ಬಿಯರ್ ಕ್ಯಾನ್ ಅಗ್ಗ. ಇನ್ನೊಂದು ವಿಷಯ ಜಾಸ್ತಿ ಜನ ಮಾತಾಡಲ್ಲ: ಇಲ್ಲಿ ಹೊಸದಾಗಿ ಮದ್ಯದ ಅಂಗಡಿ ತೆರೀಬೇಕಂದ್ರೆ ಸಾಮಾನ್ಯವಾಗಿ ಇರೋ ಒಂದು ಲೈಸೆನ್ಸ್ ಕೊಂಡು ರದ್ದು ಮಾಡಿಸಬೇಕು, ಅದು ದೇಶದ ಯಾವ ಮೂಲೆಯದ್ದಾದರೂ ನಡೆಯುತ್ತೆ. ಹಾಗಾಗಿ ಹಳ್ಳಿಯಲ್ಲಿ ಮುಚ್ಚಿದ ಪಬ್‌ನ ಲೈಸೆನ್ಸ್ ಪಟ್ಟಣದ ಸೂಪರ್‌ಮಾರ್ಕೆಟ್ಟಿಗೆ ಹೋಗಬಹುದು. ಒಮ್ಮೆ ಹೋದರೆ ಊರಿಗೆ ವಾಪಸ್ ಬರೋದು ಕಷ್ಟ.

ನಮ್ಮ ದೇಶದಲ್ಲಿ ಮಿತಿ 30 ಮಿಲಿಗ್ರಾಂ, ಇಲ್ಲಿಗಿಂತ ಬಿಗಿ. ಆದರೆ ನಮ್ಮ ಹಳ್ಳಿ ರಸ್ತೆಯಲ್ಲಿ ರಾತ್ರಿ ಬೈಕ್ ನಿಲ್ಲಿಸಿ ಊದಿಸೋರು ಎಷ್ಟು ಜನ ಹೇಳಿ.

ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಕಾನೂನು ಬಿಗಿ ಮಾಡಿದವರು ಬಸ್ಸನ್ನೂ ಅಷ್ಟೇ ಬೇಗ ಕೊಡಬೇಕಿತ್ತು. ಲೋಕಲ್ ಲಿಂಕ್ ಅನ್ನೋ ಹಳ್ಳಿ ಬಸ್ ಸೇವೆಗೆ ಸಂಜೆಯ ಟ್ರಿಪ್‌ಗಳನ್ನು ಪ್ರಯೋಗಕ್ಕೆ ಅಂತ ಸೇರಿಸಿದ್ದು 2018ರಲ್ಲಿ, ಮಿತಿ ಇಳಿಸಿ ಏಳು ವರ್ಷ ಆದ ಮೇಲೆ. ಟ್ಯಾಕ್ಸಿ ಇಲ್ಲದ ಊರುಗಳಿಗೆ ಅಂತ ಒಂದು ಸ್ಥಳೀಯ ಹ್ಯಾಕ್ನಿ (ಮೊದಲೇ ಹೇಳಿ ಕರೆಸುವ ಬಾಡಿಗೆ ಕಾರು) ಲೈಸೆನ್ಸ್ ತಂದರು, ತಗೊಂಡವರು ತೀರಾ ಕಡಿಮೆ. ಕೊನೆಗೆ ಎಷ್ಟೋ ಕಡೆ ಪಬ್ ಮಾಲೀಕರೇ ರಾತ್ರಿ ಬಾಗಿಲು ಹಾಕಿದ ಮೇಲೆ ಗಿರಾಕಿಗಳನ್ನು ತಮ್ಮ ಕಾರಲ್ಲಿ ಕೂರಿಸಿಕೊಂಡು ಮನೆ ಮನೆಗೆ ಬಿಟ್ಟು ಬರ್ತಾರೆ. ಅವರ ಪೆಟ್ರೋಲಿಗೆ, ಇನ್ಶೂರೆನ್ಸಿಗೆ ಸರ್ಕಾರ ದುಡ್ಡು ಕೊಡಲಿ. ಉಳಿದಿರೋ ಪಬ್‌ಗಳಿಗೆ ಇದನ್ನು ಈ ಚಳಿಗಾಲದಲ್ಲೇ ಶುರು ಮಾಡಬಹುದು.