ಐಕಾನ್ ಚಿತ್ರವಲ್ಲ, ಅಕ್ಷರ

ಕೇಳುಗರೆಲ್ಲರಿಗೂ ನಮಸ್ಕಾರ. ಅಂಗಡಿಗೋ, ಶಾಲೆಗೋ, ಸಂಘಕ್ಕೋ ಅಂತ ವರ್ಡ್‌ಪ್ರೆಸ್‌ನಲ್ಲಿ ಒಂದು ವೆಬ್‌ಸೈಟ್ ಮಾಡಿಕೊಂಡು, ಅದನ್ನು ತಾವೇ ನೋಡಿಕೊಳ್ಳುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಇವತ್ತಿನ ಮಾತು ಅವರಿಗೆ. ನಿಮ್ಮ ಪುಟದಲ್ಲಿ ಫೋನಿನ ಗುರುತು, ಮನೆಯ ಗುರುತು, ಬುಟ್ಟಿಯ ಗುರುತು ಇರುತ್ತದಲ್ಲ, ಆ ಐಕಾನ್‌ಗಳ ವಿಷಯ. ನೋಡಲು ಅವು ಚಿತ್ರದ ಹಾಗಿವೆ. ಆದರೆ ಐಕಾನ್ ಫಾಂಟ್ ಬಳಸುವ ಸೈಟಿನಲ್ಲಿ ಅವು ಚಿತ್ರ ಅಲ್ಲ, ಅಕ್ಷರ. ಇದೊಂದು ತಲೆಯಲ್ಲಿ ಕೂತರೆ ಅರ್ಧ ತೊಂದರೆ ಮುಗಿದ ಹಾಗೆ.

ಹೇಗೆ ಅಕ್ಷರ ಅಂತೀರಾ? ಕಂಪ್ಯೂಟರ್‌ಗಳೆಲ್ಲ ಒಪ್ಪಿಕೊಂಡಿರುವ ಯೂನಿಕೋಡ್ ಎಂಬ ಪಟ್ಟಿ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದೆ. ನಮ್ಮ 'ಕ'ಗೂ ಒಂದಿದೆ. ಹಾಗೆ ಕೊಡುವಾಗ ಒಂದು ಕಡೆ 6,400 ಸಂಖ್ಯೆಗಳನ್ನು ಯಾವ ಲಿಪಿಗೂ ಕೊಡದೆ ಖಾಲಿ ಬಿಟ್ಟಿದೆ. ಯಾರು ಬೇಕಾದರೂ ಸ್ವಂತಕ್ಕೆ ಬಳಸಿಕೊಳ್ಳಬಹುದು. ಐಕಾನ್ ಫಾಂಟ್ ಮಾಡುವವರು ಬಂದು ಕೂತಿರುವುದು ಅಲ್ಲೇ. 2012ರಲ್ಲಿ ಡೇವ್ ಗ್ಯಾಂಡಿ ಎಂಬವರು ಫಾಂಟ್ ಆಸಮ್ ಎಂಬ ಐಕಾನ್ ಫಾಂಟ್ ಮಾಡಿದರು. ಅದರಲ್ಲಿ ಎಫ್ 095 ಎಂಬ ಸಂಖ್ಯೆ ಅಂದರೆ ಫೋನು, ಎಫ್ 015 ಅಂದರೆ ಮನೆ. ಅಕ್ಷರವಾದ್ದರಿಂದಲೇ ನೀವು ಅದಕ್ಕೆ ಹಸಿರು ಬಣ್ಣ ಕೊಡಬಹುದು, ಬೇಕಾದಷ್ಟು ದೊಡ್ಡದು ಮಾಡಬಹುದು, ಅಂಚು ಒಡೆಯುವುದಿಲ್ಲ. ಅಕ್ಷರವಾದ್ದರಿಂದಲೇ ಫಾಂಟ್ ತಪ್ಪಿದರೆ ಗುರುತೂ ತಪ್ಪುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡಿದ್ದು ನೆನಪಿದೆಯಾ? ಅಲ್ಲಿ ಆಗಿದ್ದೂ ಇದೇ.

ಮಲೆನಾಡಿನಲ್ಲಿ ನನಗೆ ಪರಿಚಯದವರ ಒಂದು ನರ್ಸರಿ ಇದೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ಮಾರುತ್ತಾರೆ. ಅವರ ಸೈಟು ಪೂರ್ತಿ ಕನ್ನಡದಲ್ಲಿದೆ, ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಒಂದು ಮಳೆಗಾಲ ಅವರು ಫೋನ್ ಮಾಡಿದರು. "ಸಾರ್, ಆರ್ಡರೇ ಬರ್ತಾ ಇಲ್ಲ. ಸೈಟಿನಲ್ಲಿ ಫೋನ್ ಗುರುತು ಹೋಗಿ ಚೌಕ ಡಬ್ಬಿ ಬಂದಿದೆ. ವಾಟ್ಸಾಪ್ ಗುರುತೂ ಡಬ್ಬಿ, ಬುಟ್ಟಿಯೂ ಡಬ್ಬಿ." ಅಷ್ಟರಲ್ಲಿ ಅವರು ಏನೇನು ಮಾಡಿದ್ದರು ಗೊತ್ತಾ? ಮೊಬೈಲನ್ನು ರಿಪೇರಿ ಅಂಗಡಿಗೆ ಕೊಟ್ಟಿದ್ದರು. ಹೋಸ್ಟಿಂಗ್‌ನವರ ಜೊತೆ ಜಗಳ ಆಡಿದ್ದರು. ಯಾರೋ ವೈರಸ್ ಅಂದರಂತೆ, ಅದಕ್ಕೂ ದುಡ್ಡು ಕೊಟ್ಟಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಈಚೆಗೆ ಫಾಂಟ್ ಏನಾದರೂ ಬದಲಾಯಿಸಿದಿರಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಅಕ್ಷರ ಚಂದ ಕಾಣಲಿ ಅಂತ ನಮ್ಮ ಅಕ್ಕನ ಮಗ ನೋಟೋ ಸಾನ್ಸ್ ಕನ್ನಡ ಹಾಕಿದ್ದಾನೆ. ಅದಕ್ಕೂ ಫೋನ್ ಚಿತ್ರಕ್ಕೂ ಏನು ಸಂಬಂಧ?" ಅಂದರು.

ಅದೇ ಸಂಬಂಧ! ಚಿತ್ರ ಅಲ್ಲವಲ್ಲ ಅದು, ಅಕ್ಷರ. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸೂಚನೆಗಳಿಗೆ ಸಿಎಸ್ಎಸ್ ಅಂತಾರೆ. ಹುಡುಗ ಹೆಚ್ಚುವರಿ ಸಿಎಸ್ಎಸ್ ಬರೆಯುವ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಇಟ್ಟು, ಫಾಂಟ್ ಹೆಸರು ಬರೆದು, ಕೊನೆಗೆ 'ಇಂಪಾರ್ಟೆಂಟ್' ಅಂತ ಸೇರಿಸಿದ್ದ. ನಕ್ಷತ್ರ ಅಂದರೆ ಪುಟದಲ್ಲಿರುವ ಎಲ್ಲದಕ್ಕೂ ಅಂತ. ಇಂಪಾರ್ಟೆಂಟ್ ಅಂದರೆ ಬೇರೆ ಯಾರ ಮಾತನ್ನೂ ಕೇಳಬೇಡ ಅಂತ. ಎಫ್ 095 ಅಕ್ಷರವನ್ನೂ ಕನ್ನಡ ಫಾಂಟಿನಲ್ಲೇ ಬರೆ ಅಂತ ಬ್ರೌಸರಿಗೆ ಹೇಳಿದ ಹಾಗಾಯಿತು. ಕನ್ನಡ ಫಾಂಟಿನಲ್ಲಿ ಆ ಸಂಖ್ಯೆಗೆ ಏನೂ ಇಲ್ಲ. ಇಲ್ಲದ ಅಕ್ಷರಕ್ಕೆ ಬ್ರೌಸರ್ ಡಬ್ಬಿ ಹಾಕುತ್ತದೆ. ನಕ್ಷತ್ರ ತೆಗೆದು ಅಲ್ಲಿ 'ಬಾಡಿ' (body) ಅಂತ ಬರೆಸಿದೆ, ಇಂಪಾರ್ಟೆಂಟ್ ಅಳಿಸಿದೆ. ಈಗ ಪುಟಕ್ಕೆಲ್ಲ ಕನ್ನಡ ಫಾಂಟು, ಆದರೆ ತನ್ನದೇ ಫಾಂಟ್ ಇರುವ ಗುರುತಿಗೆ ಅದರದ್ದೇ. ಪುಟ ಮತ್ತೆ ತೆರೆದರೆ ಫೋನು, ವಾಟ್ಸಾಪು, ಬುಟ್ಟಿ ಎಲ್ಲ ಹಾಜರ್. ಕನ್ನಡವೂ ಅಷ್ಟೇ ಚಂದ. ಕನ್ನಡ ಸೈಟುಗಳಲ್ಲಿ ಈ ನಕ್ಷತ್ರದ ಕಾಟ ಎಷ್ಟು ಕಂಡಿದ್ದೇನೆ ಅಂದರೆ, ಇನ್ನೊಂದು ಸಲ ಹೇಳಿಬಿಡುತ್ತೇನೆ. ಕನ್ನಡ ಫಾಂಟ್ ಹಾಕಿ, ಖಂಡಿತ ಹಾಕಿ. ನಕ್ಷತ್ರದ ಮೇಲೆ ಹಾಕಬೇಡಿ.

ಸಮಯ ಓಡ್ತಾ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಫಾಂಟ್ ಆಸಮ್‌ನವರದ್ದೇ ವರ್ಡ್‌ಪ್ರೆಸ್ ಪ್ಲಗಿನ್ ಇದೆ, ಅದನ್ನೇ ಹಾಕಿಕೊಳ್ಳಿ. ನಿಮ್ಮ ಥೀಮ್ ಒಂದು ಆವೃತ್ತಿ, ಇನ್ಯಾವುದೋ ಪ್ಲಗಿನ್ ಇನ್ನೊಂದು ಆವೃತ್ತಿ ತಂದು ಕಿತ್ತಾಡುತ್ತಿದ್ದರೆ ಅದು ಪತ್ತೆ ಹಚ್ಚಿ ತೋರಿಸುತ್ತದೆ. ನಿಮಗೆ ಬೇಕಾದ್ದು ನಾಲ್ಕೈದೇ ಗುರುತು ಅಂದರೆ ಫಾಂಟೆಲ್ಲೋ ಅಥವಾ ಐಕೋಮೂನ್ ಎಂಬ ವೆಬ್‌ಸೈಟಿನಲ್ಲಿ ಅಷ್ಟನ್ನೇ ಆರಿಸಿ ಪುಟ್ಟ ಫಾಂಟ್ ಮಾಡಿಕೊಳ್ಳಿ. ಫಾಂಟ್ ಆಸಮ್‌ನ 4.7 ಆವೃತ್ತಿಯಲ್ಲೇ 675 ಗುರುತುಗಳಿದ್ದವು. ಸಸಿ ಮಾರುವವರಿಗೆ ಅಷ್ಟೆಲ್ಲ ಯಾಕೆ?

ಇನ್ನು ವರ್ಡ್‌ಪ್ರೆಸ್ ಜೊತೆಗೇ ಬರುವ ಐಕಾನ್ ಫಾಂಟ್ ಡ್ಯಾಶ್‌ಐಕಾನ್ಸ್. 2013ರ ಕೊನೆಗೆ ಬಂದ 3.8ನೇ ಆವೃತ್ತಿಯಿಂದ ಅದು ಇದೆ. ಲಾಗಿನ್ ಆದಾಗ ಮೇಲ್ಗಡೆ ಕಪ್ಪು ಪಟ್ಟಿ ಬರುತ್ತದಲ್ಲ, ಅದು ಈ ಫಾಂಟನ್ನು ತಾನೇ ತರಿಸಿಕೊಳ್ಳುತ್ತದೆ. ಹಾಗಾಗಿ ನಿಮಗೆ ಎಲ್ಲ ಸರಿಯಾಗಿ ಕಾಣುತ್ತದೆ. ಬರುವ ಗಿರಾಕಿ ಲಾಗಿನ್ ಆಗಿರುವುದಿಲ್ಲ, ಅವರಿಗೆ ಬರೀ ಡಬ್ಬಿ ಅಥವಾ ಖಾಲಿ ಜಾಗ. ಥೀಮಿನಲ್ಲಿ ಆ ಫಾಂಟನ್ನು ಎಲ್ಲರಿಗೂ ಕರೆಸಬೇಕು. ಲಾಗೌಟ್ ಆಗಿ ನಿಮ್ಮ ಸೈಟನ್ನು ಒಮ್ಮೆ ನೋಡಿ. ದಯವಿಟ್ಟು ನೋಡಿ.

ಕಣ್ಣು ಕಾಣದವರೂ ನಿಮ್ಮ ಗಿರಾಕಿಗಳೇ ಅಲ್ವಾ? ಅವರ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಪುಟವನ್ನು ಓದಿ ಹೇಳುತ್ತದೆ. ಎಫ್ 095 ಅನ್ನುವ ಅಕ್ಷರವನ್ನು ಅದು ಹೇಗೆ ಓದೀತು? ಆ ಗುರುತಿಗೆ 'ಏರಿಯಾ ಹಿಡನ್' (aria-hidden="true") ಅಂತ ಹಾಕಿ, ಟಾಕ್‌ಬ್ಯಾಕ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಗುರುತಿನ ಪಕ್ಕದಲ್ಲೇ 'ಕರೆ ಮಾಡಿ' ಅಂತ ಕನ್ನಡದಲ್ಲಿ ಬರೆಯಿರಿ, ಅದನ್ನು ಓದುತ್ತದೆ. ಯಾವತ್ತಾದರೂ ಫಾಂಟ್ ಬರದೆ ಗುರುತು ಡಬ್ಬಿಯಾದರೂ, ಒತ್ತಬೇಕಾದ ಜಾಗ ಯಾವುದು ಅಂತ ಎಲ್ಲರಿಗೂ ತಿಳಿಯುತ್ತದೆ. ನಮಸ್ಕಾರ.